ಆ ಹೆಸರು ಹೇಳಿಸೋಕೆ ಮೂರು ಸಲ ಬರೆದೆ

ಬ್ಯಾಂಕಿನ ಫಾರಂ ತುಂಬುವಾಗ ನಮ್ಮಜ್ಜಿ ಗಂಡನ ಹೆಸರು ಹೇಳಲಿಲ್ಲ. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷ ಆಗಿತ್ತು. "ನಿನಗ ಗೊತ್ತೈತಲ್ಲ, ಬರಕೊ" ಅಂದು ಮುಖ ಆಚೆ ತಿರುಗಿಸಿದರು. ನನ್ನ ಕಾದಂಬರಿ ಶುರುವಾಗಿದ್ದು ಅಲ್ಲಿ.

ಕಥೆ 1898ರ ಹುಬ್ಬಳ್ಳಿಯದು. ಆಗ ಅದು ಮುಂಬೈ ಪ್ರಾಂತ್ಯದಲ್ಲಿತ್ತು. ಮುಂಬೈಗೆ ಪ್ಲೇಗು ಬಂದಿದ್ದು 1896ರಲ್ಲಿ. ಮರುವರ್ಷವೇ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಮನೆ ಹೊಕ್ಕು ತಪಾಸಣೆ. ರೋಗಿ ಆಸ್ಪತ್ರೆಗೆ, ಮನೆಯವರು ಊರಾಚೆಯ ಶೆಡ್ಡಿಗೆ. ನನ್ನ ಹುಡುಗಿಗೆ ಹತ್ತೊಂಬತ್ತು ವರ್ಷ. ಗಂಡನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆ. ಮುಚ್ಚಿಟ್ಟರೆ ಓಣಿಗೆಲ್ಲ ಕೇಡು ಅಂತ ಅವಳ ಭಯ. ಹೇಳಿದರೆ ಅವನನ್ನು ಹೊತ್ತೊಯ್ಯುತ್ತಾರೆ, ಮತ್ತೆ ಮುಖ ಕಾಣುವುದು ಯಾವಾಗಲೋ.

ಮೊದಲ ಸಲ ಇನ್ಸ್‌ಪೆಕ್ಟರನನ್ನು ರಾಕ್ಷಸ ಮಾಡಿದ್ದೆ. ಸುಲಭ ಅಲ್ವಾ? ಅವಳ ಸಂಕಟವನ್ನೆಲ್ಲ ಅವನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಂಡ ಹಾಗಾಯಿತು. ಎರಡನೇ ಸಲ ಅವನು ಬಿಸಿಲಲ್ಲಿ ತಿರುಗಿ ದಣಿದ ಗುಮಾಸ್ತ. ರಿಜಿಸ್ಟರ್ ಬಿಚ್ಚಿ ಕೇಳುತ್ತಾನೆ: "ಯಜಮಾನರ ಹೆಸರ ಏನವಾ?" ಅಷ್ಟೇ.

ಆ ಹೆಸರನ್ನು ಅವಳು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಮದುವೆಯಲ್ಲಿ, ಹೆಂಗಸರೆಲ್ಲ ಸುತ್ತ ಕೂತು ಒಡಪು ಹೇಳಿಸಿದಾಗ. ಒಡಪನ್ನು ನಾನೇ ಕಟ್ಟಿದೆ: "ಒಲಿ ಮ್ಯಾಲಿನ ಹಾಲ ಉಕ್ಕಿತ, ನಾ ... ಅಂದ್ರ ಊರೆಲ್ಲ ನಕ್ಕಿತ." ಚುಕ್ಕಿ ಇರುವಲ್ಲಿ ಹೆಸರು. ಕಾದಂಬರಿಯಲ್ಲೂ ಚುಕ್ಕಿಯೇ.

ಜಾಸ್ತಿ ಕಾಡಿದ್ದು ಬೇರೆ. ಗಡ್ಡೆಯ ಪ್ಲೇಗು ಹೆಚ್ಚಾಗಿ ಹಬ್ಬುವುದು ಇಲಿಯ ಮೈಮೇಲಿನ ಚಿಗಟದಿಂದ, ರೋಗಿಯಿಂದಲ್ಲ. ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಅದನ್ನು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ಎಷ್ಟೋ ವರ್ಷ ಜನ ನಂಬಲಿಲ್ಲ. ಅಂದರೆ ಅವಳು ಬಾಯಿ ಮುಚ್ಚಿಕೊಂಡಿದ್ದರೂ ಗಂಡನಿಂದ ಓಣಿಗೆ ಅಂಥ ಕೇಡೇನೂ ಆಗುತ್ತಿರಲಿಲ್ಲ! ಇದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಓದುಗರಿಗೆ ಹೇಳಲೋ ಬೇಡವೋ ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ಮೊದಲ ಅಧ್ಯಾಯದಲ್ಲಿ ಒಂದು ಸಾಲು ಸೇರಿಸಿ ಸುಮ್ನಾದೆ. ಅಟ್ಟದಿಂದ ಬಿದ್ದ ಇಲಿಯನ್ನು ಅವಳು ಮೊರಕ್ಕೆ ಗುಡಿಸಿಕೊಂಡು ಓಣಿಯ ಗಟಾರಕ್ಕೆ ಎಸೆಯುತ್ತಾಳೆ.

ಆ ಹೆಸರಿನ ಅಧ್ಯಾಯವನ್ನು ಅಜ್ಜಿಗೆ ಓದಿ ಹೇಳಿದೆ. ಬತ್ತಿ ಹೊಸೆಯುತ್ತಲೇ ಕೇಳಿದರು. "ಆಕಿ ಹೇಳಿದ್ದ ಬರೋಬರಿ. ಆದ್ರ ಪಡಸಾಲ್ಯಾಗ ನಿಂತು ಹೇಳಬಾರದಾಗಿತ್ತು."

"ಯಾಕಜ್ಜಿ?"

"ಒಳಗ ಮಲಗಿದಾಂವ ಕೇಳಿಸ್ಕೋತಾನಲ್ಲೋ."

ಮೂರನೇ ಸಲ ಬರೆಯಲು ಕೂತೆ. ಅವಳನ್ನೂ ಗುಮಾಸ್ತನನ್ನೂ ಪಡಸಾಲೆಯಿಂದ ಎಬ್ಬಿಸಿ ಹಿತ್ತಲ ಬಾವಿಕಟ್ಟೆಗೆ ಕಳಿಸಿದೆ.