ನಾಲ್ಕನೇ ಬ್ಯಾಚಿಗೆ ಕೈಗೂಡಿದ ಸಿಲಿಬಿನ್ ಕಾಂಪ್ಲೆಕ್ಸ್

"ಸಿಲಿಬಿನ್‌ಗೆ ಲೆಸಿಥಿನ್ ಬೆರೆಸಿದ್ರೆ ಏನೂ ಆಗಲ್ಲ, ಸುಮ್ನೆ ದುಡ್ಡು ದಂಡ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ಅರ್ಧ ನಿಜ. ಬರೀ ಬೆರೆಸಿದರೆ ಏನೂ ಆಗುವುದಿಲ್ಲ, ಎರಡೂ ಒಂದನ್ನೊಂದು ಹಿಡಿದುಕೊಳ್ಳಬೇಕು. ಮಿಲ್ಕ್ ಥಿಸಲ್ ಅನ್ನೋ ಮುಳ್ಳುಗಿಡದ ಬೀಜದ ಸಾರವೇ ಸಿಲಿಮರಿನ್. ಲಿವರ್‌ಗೆ ಅಂತ ಕೊಡುತ್ತಾರೆ, ಆದರೆ ಅದರೊಳಗಿನ ಮುಖ್ಯ ಅಂಶ ಸಿಲಿಬಿನ್ ನೀರಿಗೂ ಒಗ್ಗದು, ಎಣ್ಣೆಗೂ ಒಗ್ಗದು. ನುಂಗಿದ್ದರಲ್ಲಿ ಬಹುಪಾಲು ಕರುಳನ್ನೇ ದಾಟುವುದಿಲ್ಲ. ದಾಟಿಸಲೆಂದೇ ಅದನ್ನು ಲೆಸಿಥಿನ್‌ನಲ್ಲಿರುವ ಕೊಬ್ಬಿನಂಥ ಫಾಸ್ಫಟಿಡೈಲ್‌ಕೋಲಿನ್‌ಗೆ ಅಂಟಿಸಲು ಹೊರಟಿದ್ದೆ.

ಮೊದಲನೇ ಬ್ಯಾಚಿನ ತಪ್ಪು ಹೇಳಲೂ ನಾಚಿಕೆ. ಮೋಲ್ ಲೆಕ್ಕದ (ಅಣುವಿಗೆ ಅಣು) 1:1 ಅನ್ನು ತೂಕದಲ್ಲಿ 1:1 ಅಂತ ಹಾಕಿಬಿಟ್ಟೆ. ಅಣುತೂಕ ಸಿಲಿಬಿನ್‌ದು 482, ಫಾಸ್ಫಟಿಡೈಲ್‌ಕೋಲಿನ್ ಅದ್ದು ಹತ್ತಿರಹತ್ತಿರ 780, ಅಂದರೆ 1 ಗ್ರಾಂಗೆ 1.6 ಗ್ರಾಂ ಬೇಕು. ಎರಡನೇದು ನನ್ನ ಜಿಪುಣತನದ ಫಲ. ಅಗ್ಗದ ಲೆಸಿಥಿನ್ ತಂದೆ, ಅದರಲ್ಲಿ ಅಸಲಿ ಮಾಲು, ಅಂದರೆ ಫಾಸ್ಫಟಿಡೈಲ್‌ಕೋಲಿನ್, ಮೂರನೇ ಒಂದು ಭಾಗವೂ ಇರಲಿಲ್ಲ. ಫ್ಲಾಸ್ಕಿನ ತಳದಿಂದ ಸ್ಪಾಚುಲಾ ಎತ್ತಿದರೆ ಹಲಸಿನ ಅಂಟಿನ ಹಾಗೆ ಎಳೆ ಎಳೆಯಾಗಿ ಬಂತು. ಮೂರನೇ ಸಲ 90%ದ್ದು ತರಿಸಿದೆ, ಅದು ಸಿಕ್ಕಾಪಟ್ಟೆ ದುಬಾರಿ. ಅದನ್ನೂ 95% ಎಥನಾಲ್‌ಗೆ ಹಾಕಿ ಕೆಡಿಸಿದೆ. ಆ 5% ನೀರೇ ಸಾಕಿತ್ತು ಅಂತ ನನ್ನ ಗುಮಾನಿ. ಮೊದಲೇ ಒಳ್ಳೆ ಮಾಲು ತಂದಿದ್ದರೆ ಅರ್ಧ ಖರ್ಚು ಉಳೀತಿತ್ತು.

ನಾಲ್ಕನೇದಕ್ಕೆ ನೀರಿಲ್ಲದ ಎಥನಾಲ್, 60 ಡಿಗ್ರಿ ಆಸುಪಾಸು, ಎರಡು ಗಂಟೆ ಬಿಸಿಯಲ್ಲಿ ಕಲಕಾಟ, ಗಾಳಿ ತಾಗದಂತೆ ಮೇಲೆ ನೈಟ್ರೋಜನ್. ಎಥನಾಲ್ ಆವಿ ಮಾಡುವ ರೋಟಾವ್ಯಾಪ್‌ನಲ್ಲಿ ಜೇನಿನಷ್ಟು ದಪ್ಪ ಮಾಡಿ, ಪುಡಿ ಇಳಿಸಲು ಹೆಕ್ಸೇನ್ ಅನ್ನೋ ದ್ರಾವಕಕ್ಕೆ ಬಿಟ್ಟೆ. ಎಷ್ಟು ತಣ್ಣಗೆ, ಎಷ್ಟು ನಿಧಾನವಾಗಿ ಅನ್ನೋದು ನನ್ನ ಹತ್ತಿರವೇ ಇರಲಿ. ತೆಳು ಹಳದಿ ಪುಡಿ ಇಳಿಯಿತು.

ಆಡಿಕೊಂಡವರ ಮುಂದೆಯೇ ಎರಡು ಟೆಸ್ಟ್ ಟ್ಯೂಬ್ ಇಟ್ಟೆ. ಒಂದರಲ್ಲಿ ಬರೀ ಬೆರೆಸಿದ ಪುಡಿ, ಇನ್ನೊಂದರಲ್ಲಿ ನನ್ನದು. ಎರಡಕ್ಕೂ ಡೈಕ್ಲೋರೋಮೀಥೇನ್ ಹಾಕಿ ಅಲ್ಲಾಡಿಸಿದೆ, ಅದು ಬರೀ ಸಿಲಿಬಿನ್ ಕರಗದ ದ್ರಾವಕ. ಬೆರಕೆಯ ಸಿಲಿಬಿನ್ ತಳದಲ್ಲಿ ಕೂತಿತು. ನನ್ನದು ತಿಳಿಯಾಗಿ ಕರಗಿ ನಿಂತಿತು! ಬಿಸಿ ಮಾಡುತ್ತಾ ಪುಡಿ ಎಲ್ಲಿ ಕರಗುತ್ತದೆ ಅಂತ ನೋಡುವ ಡಿಎಸ್‌ಸಿ ಪರೀಕ್ಷೆಯಲ್ಲೂ ಸಿಲಿಬಿನ್ ಕರಗುವ ಪೀಕ್ ಮಾಯ. ಇಲಿ ಕರುಳಿನ ಚೀಲದಲ್ಲಿ ನೋಡಿದಾಗ ಬರೀ ಸಿಲಿಬಿನ್‌ಗಿಂತ ಸುಮಾರು ಮೂರು ಪಟ್ಟು ದಾಟಿತ್ತು. ಹಾಗಂತ ಲಿವರ್ ಉಳಿಯಿತು ಅಂತ ಹೇಳಲಾಗದು, ಅದು ಬೇರೆಯೇ ಪರೀಕ್ಷೆ.

ನಡುವೆ ಪಿವಿಪಿ ಕೆ-30 ಅನ್ನೋ ನೀರಲ್ಲಿ ಕರಗುವ ಪಾಲಿಮರ್ ಜೊತೆ ಸಾಲಿಡ್ ಡಿಸ್ಪರ್ಷನ್, ಅಂದರೆ ಹರಳಾಗದ ಹಾಗೆ ಸಿಲಿಬಿನ್ ಅದರೊಳಗೆ ಹರಡುವ ಪ್ರಯೋಗ ಕೂಡ ಮಾಡಿದ್ದೆ. ಮೊದಲ ವಾರ ಕುದುರೆ ಥರ ಓಡಿತು, ತಿಂಗಳಲ್ಲಿ ಮತ್ತೆ ಹರಳುಗಟ್ಟಿತು. ಅಲ್ಲಿಗೇ ಬಿಟ್ಟೆ.

ನಿಜವಾಗಿ ಹೈರಾಣಾಗಿದ್ದು ಹೆಕ್ಸೇನ್ ಓಡಿಸೋದಕ್ಕೆ. ಔಷಧದಲ್ಲಿ ಉಳಿಯಬಹುದಾದ ಮಿತಿ 290 ಪಿಪಿಎಂ (ಹತ್ತು ಲಕ್ಷಕ್ಕೆ 290 ಪಾಲು), ಪುಡಿ ಬಿಟ್ಟುಕೊಡದು. ವ್ಯಾಕ್ಯೂಮ್ ಅವನ್‌ನಲ್ಲಿ ಎರಡು ದಿನಕ್ಕಿಂತ ಜಾಸ್ತಿಯೇ ಹಿಡಿಯಿತು. ಹೊರಗಿಟ್ಟಿದ್ದ ಒಂದು ಬಾಟಲಿ ತಿಂಗಳಲ್ಲಿ ಕಮಟು ಹೊಡೆಯಿತು. ಈಗ ನೈಟ್ರೋಜನ್ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೇನೆ, ಆಗಾಗ ಮುಚ್ಚಳ ತೆಗೆದು ಮೂಸಿ ನೋಡುತ್ತೇನೆ.