ಹುಲ್ಲಿನ ಲೆಕ್ಕ ಮೊದಲು, ಹಸು ಆಮೇಲೆ
ನೆಲವನ್ನು ಉಳಿಸುತ್ತಲೇ ಹಾಲನ್ನು ನೇರವಾಗಿ ಮಾರುವ ಪುಟ್ಟ ಹೈನುಗಾರಿಕೆ ಕಟ್ಟುವ ಬಗೆ

ನಾಲ್ಕು ಹಸು ಕೊಂಡು ಆಮೇಲೆ ಮೇವು ಹುಡುಕುವುದು ಹೈನುಗಾರಿಕೆಯಲ್ಲಿ ಬಹಳ ಮಂದಿ ಹಿಡಿಯುವ ದಾರಿ. ದನಗಳನ್ನು ಮೇಯಿಸಿ, ಮೇಯುವ ನೆಲವನ್ನೂ ಫಲವತ್ತಾಗಿಸಿ, ಹಾಲನ್ನು ತಾವೇ ಮನೆಮನೆಗೆ ಮುಟ್ಟಿಸಬೇಕೆಂದು ಹೊರಟವರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಎಷ್ಟು ಹಸು ಸಾಕಬಹುದೆಂದು ಹುಲ್ಲು ಹೇಳುತ್ತದೆ. ಎಷ್ಟು ಮನೆಗೆ ಕೊಡಬಹುದೆಂದು ಹಾಲು ಹೇಳುತ್ತದೆ. ಗ್ರಾಹಕರು ಹೆಚ್ಚಿದರೆಂದು ಹಸು ಹೆಚ್ಚಿಸಿ, ಹಸು ಹೆಚ್ಚಿತೆಂದು ಹುಲ್ಲುಗಾವಲನ್ನು ಬೋಳು ಮಾಡಿದರೆ ಮೂರೂ ಕೈತಪ್ಪುತ್ತವೆ.

ಹುಲ್ಲನ್ನು ತೂಗಿ ನೋಡಿ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿಕೊಳ್ಳಿ. ಹುಲ್ಲುಗಾವಲಿನ ಐದಾರು ಕಡೆ ಅದನ್ನಿಟ್ಟು, ಒಳಗಿನ ಹುಲ್ಲನ್ನು ಬುಡದವರೆಗೆ ಕೊಯ್ದು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ತೂಗಿ. ಸರಾಸರಿ 150 ಗ್ರಾಂ ಬಂದರೆ ಎಕರೆಗೆ ಸುಮಾರು 600 ಕಿಲೋ ಒಣ ಮೇವು ನಿಂತಿದೆ ಎಂದು ತಿಳಿಯಬಹುದು. ಇದರಲ್ಲಿ ಅರ್ಧ ಹಸುವಿನ ಪಾಲು. ಉಳಿದರ್ಧವನ್ನು ಮುಟ್ಟಬಾರದು.

ಈ ಅರ್ಧದ ನಿಯಮಕ್ಕೆ ಗಟ್ಟಿ ಕಾರಣವಿದೆ. ಅಮೆರಿಕದ ವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲಿನ ಎಲೆಯನ್ನು ಅರ್ಧದಷ್ಟು ಕತ್ತರಿಸಿದಾಗ ಬೇರಿನ ಬೆಳವಣಿಗೆಗೆ ಹೆಚ್ಚುಕಡಿಮೆ ಏನೂ ತೊಂದರೆಯಾಗಲಿಲ್ಲ. ಶೇ 60ರಷ್ಟು ಕತ್ತರಿಸಿದಾಗ ಅರ್ಧದಷ್ಟು ಬೇರುಗಳು ಬೆಳೆಯುವುದನ್ನು ನಿಲ್ಲಿಸಿದವು. ಶೇ 80 ಕತ್ತರಿಸಿದಾಗ ಎಲ್ಲ ಬೇರುಗಳೂ ನಿಂತುಬಿಟ್ಟವು. ಬೇರು ನಿಂತರೆ ಹುಲ್ಲು ತಡವಾಗಿ ಚಿಗುರುತ್ತದೆ, ಮಳೆನೀರು ಇಂಗದೆ ಹರಿದುಹೋಗುತ್ತದೆ, ಮಣ್ಣಿಗೆ ಸೇರಬೇಕಾದ ಇಂಗಾಲ ಸೇರುವುದಿಲ್ಲ. ಮೇಲೆ ಅರ್ಧ ಹುಲ್ಲು ಬಿಡುವುದೆಂದರೆ ಕೆಳಗೆ ಬೇರನ್ನು ಕಾಯುವುದು.

ಈಗ ಹಸುವಿನ ಲೆಕ್ಕ. ದನವೊಂದು ದಿನಕ್ಕೆ ತನ್ನ ಮೈತೂಕದ ಶೇ 2.5ರಷ್ಟು ಒಣ ಮೇವು ತಿನ್ನುತ್ತದೆ ಎಂದು ಹಿಡಿಯಬಹುದು. ಕರೆಯುವ ಹಸುವಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. 400 ಕಿಲೋ ತೂಗುವ ಹಸುವಿಗೆ 10 ಕಿಲೋ; ಎಂಟು ಹಸುಗಳಿಗೆ 80 ಕಿಲೋ. ಎಕರೆಗೆ 300 ಕಿಲೋ ಮೇಯಿಸಬಹುದಾದ ನೆಲದಲ್ಲಿ ಇವಕ್ಕೆ ದಿನಕ್ಕೆ ಕಾಲು ಎಕರೆಗಿಂತ ತುಸು ಹೆಚ್ಚು ಜಾಗ ಬೇಕಾಯಿತು.

ತಾಕು ಮಾಡಿ, ಬಿಡುವು ಕೊಡಿ

ಹಸು ಕಚ್ಚಿದ ಹುಲ್ಲು ಮೂರ್ನಾಲ್ಕು ದಿನದಲ್ಲಿ ಮತ್ತೆ ಚಿಗುರುತ್ತದೆ. ಆ ಎಳೆ ಚಿಗುರು ಸಿಹಿ. ದನ ಅಲ್ಲೇ ಇದ್ದರೆ ಬಲಿತ ಹುಲ್ಲನ್ನು ಬಿಟ್ಟು ಅದನ್ನೇ ಹುಡುಕಿ ತಿನ್ನುತ್ತದೆ. ಒಳ್ಳೆಯ ಹುಲ್ಲಿನ ಜಾತಿಗಳು ಸಾಯುವುದು ಹೀಗೆ. ಹುಲ್ಲುಗಾವಲು ಹಾಳಾಗುವುದು ದನಗಳ ಸಂಖ್ಯೆಗಿಂತ ಅವು ಒಂದೇ ಕಡೆ ಉಳಿಯುವ ಕಾಲದಿಂದ ಎಂದು ಫ್ರಾನ್ಸಿನ ಹುಲ್ಲುಗಾವಲು ತಜ್ಞ ಆಂದ್ರೆ ವ್ವಾಜಾಂ 1950ರ ದಶಕದಲ್ಲೇ ಒತ್ತಿ ಹೇಳಿದ್ದರು. ಹಾಗಾಗಿ ಹುಲ್ಲುಗಾವಲನ್ನು ತಾಕುಗಳಾಗಿ, ಅಂದರೆ ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿಕೊಳ್ಳಿ. ಒಂದು ತಾಕಿನಲ್ಲಿ ಒಂದು ದಿನ, ಹೆಚ್ಚೆಂದರೆ ಮೂರು ದಿನ.

ತಾಕುಗಳೆಷ್ಟು ಬೇಕು? ಬಿಡುವಿನ ದಿನಗಳನ್ನು ಮೇಯುವ ದಿನಗಳಿಂದ ಭಾಗಿಸಿ ಒಂದನ್ನು ಕೂಡಿಸಿ. ಹುಲ್ಲು ಭರದಿಂದ ಬೆಳೆಯುವ ಕಾಲದಲ್ಲಿ 30 ದಿನ ಬಿಡುವು, ದಿನಕ್ಕೊಂದು ತಾಕು ಎಂದಾದರೆ 31 ತಾಕು. ನಮ್ಮ ಎಂಟು ಹಸುಗಳಿಗೆ ಎಂಟೂಕಾಲು ಎಕರೆ. ಆದರೆ ಬೇಸಿಗೆಯಲ್ಲಿ ಹುಲ್ಲು ಅದೇ ಎತ್ತರಕ್ಕೆ ಬರಲು ಎರಡು ಮೂರು ತಿಂಗಳು ಬೇಕಾಗಬಹುದು. ಹುಲ್ಲು ನಿಧಾನವಾದಾಗ ಹಿಂಡೂ ನಿಧಾನವಾಗಿ ಸುತ್ತಬೇಕು. ಇಲ್ಲವೆ ಸಮೃದ್ಧಿಯ ಕಾಲದ ಹೆಚ್ಚುವರಿ ಹುಲ್ಲನ್ನು ಕೊಯ್ದು ಒಣಗಿಸಿಟ್ಟಿರಬೇಕು. ಒಳ್ಳೆಯ ತಿಂಗಳ ಹುಲ್ಲು ನೋಡಿ ಹಸು ಕೊಂಡವರಿಗೆ ಕೆಟ್ಟ ತಿಂಗಳಲ್ಲಿ ಮೇವಿನ ಸಾಲ ಗಂಟುಬೀಳುತ್ತದೆ. ಯಾವ ತಾಕಿಗೆ ದನಗಳು ಯಾವಾಗ ಹೊಕ್ಕವು, ಯಾವಾಗ ಬಿಟ್ಟವು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಆದರೂ ಒಳಗೆ ಬಿಡುವ ಮೊದಲು ಹುಲ್ಲಿನ ಎತ್ತರವನ್ನು ಕಣ್ಣಾರೆ ನೋಡಲೇಬೇಕು, ತಾರೀಕನ್ನಷ್ಟೇ ನಂಬಿ ಹಿಂಡು ತಿರುಗಿಸಬಾರದು.

ಇಷ್ಟು ತಾಕುಗಳಿಗೆ ಕಲ್ಲುಕಂಬದ ಬೇಲಿ ಬೇಡ. ಎತ್ತಿ ಒಯ್ಯಬಹುದಾದ ವಿದ್ಯುತ್ ಬೇಲಿಯ ಒಂದೆಳೆ ತಂತಿ ಸಾಕು. ಬೇಲಿ ಕೈಕೊಟ್ಟರೆ ತಂತಿಗಿಂತ ಮೊದಲು ನೆಲಕ್ಕೆ ಹೂತ ಅರ್ಥಿಂಗ್ ಸಲಾಕೆಯನ್ನು ಪರೀಕ್ಷಿಸಿ. ಒಣನೆಲದಲ್ಲಿ ದೋಷ ಹೆಚ್ಚಾಗಿ ಇರುವುದು ಅಲ್ಲೇ. ಕುಡಿಯುವ ನೀರು ತಾಕಿನೊಳಗೇ ಸಿಗಲಿ. ದೂರದ ತೊಟ್ಟಿಗೆ ಓಡಾಡುವ ದನ ಸಗಣಿಯನ್ನೆಲ್ಲ ತೊಟ್ಟಿಯ ಸುತ್ತ ಹಾಕಿ, ಗೊಬ್ಬರ ಬೇಕಾದ ಕಡೆ ಬರಿದು ಮಾಡುತ್ತದೆ.

ಸಗಣಿ, ಜೀರುಂಡೆ, ಜಂತುಹುಳು

ಜಂತುಹುಳುವಿನ ಮರಿಗಳು ಹುಲ್ಲಿನ ಬುಡದ ಐದು ಸೆಂಟಿಮೀಟರಿನೊಳಗೆ ಹೆಚ್ಚಾಗಿರುತ್ತವೆ. ಹತ್ತು ಸೆಂಟಿಮೀಟರ್ ಬಿಟ್ಟು ಮೇಯಿಸಿದರೆ ಹುಳುಬಾಧೆ ತಾನಾಗಿ ತಗ್ಗುತ್ತದೆ. ಹುಳುವಿನ ಔಷಧದ ಬಳಕೆಯೂ ತಗ್ಗುವುದರಿಂದ ಇದು ಮಣ್ಣಿಗೂ ಲಾಭ. ಜಂತುಹುಳುವಿಗೆ ಕೊಡುವ ಐವರ್ಮೆಕ್ಟಿನ್‌ನಂಥ ಔಷಧದ ಅಂಶ ಸಗಣಿಯಲ್ಲಿ ಉಳಿದು, ಸಗಣಿ ಜೀರುಂಡೆಯ ಮರಿಗಳನ್ನು ಕೊಲ್ಲುತ್ತದೆ. ಸಗಣಿಯನ್ನು ಮಣ್ಣಿನೊಳಗೆ ಹೂಳಿ, ನೆಲಕ್ಕೆ ಗಾಳಿ ಆಡಿಸಿ, ನೊಣದ ಕಾಟವನ್ನೂ ತಗ್ಗಿಸುವ ಕೂಲಿಯಿಲ್ಲದ ಆಳುಗಳು ಅವು. ಇಡೀ ಹಿಂಡಿಗೆ ತಾರೀಕು ನೋಡಿ ಔಷಧ ಕುಡಿಸುವ ಬದಲು ಸಗಣಿ ಪರೀಕ್ಷೆ ಮಾಡಿಸಿ, ಬೇಕಾದ ಹಸುವಿಗಷ್ಟೇ ಕೊಡಿ.

ಹುಲ್ಲಿನ ನಡುವೆ ದ್ವಿದಳ ಮೇವೂ ಇರಲಿ. ಅದರ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಎಳೆಯ ದ್ವಿದಳವೇ ತುಂಬಿದ ತಾಕಿಗೆ ಮಾತ್ರ ಹಸಿದ ದನವನ್ನು ಬಿಡಬೇಡಿ, ಹೊಟ್ಟೆಯುಬ್ಬರದಿಂದ ಪ್ರಾಣವೇ ಹೋಗಬಹುದು.

ವರ್ಷವಿಡೀ ಹಾಲು

ಹುಲ್ಲನ್ನೇ ನಂಬಿದ ಹಿಂಡಿಗೆ ಬಕೆಟ್‌ಗಟ್ಟಲೆ ಹಾಲು ಕೊಡುವ ತಳಿ ಹೊಂದುವುದಿಲ್ಲ. ಹಾಲಿಗೆ ಬೇಕಾದಷ್ಟು ಮೇವು ಸಿಗದೆ ಅದು ಬಡಕಲಾಗುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಮಧ್ಯಮ ಹಾಲಿನ, ಗಟ್ಟಿ ಕಾಲಿನ, ಆ ಹವೆಗೆ ಒಗ್ಗಿದ ಹಸುವೇ ಸರಿ.

ಹಸುವಿನ ಗಬ್ಬ ಸುಮಾರು 283 ದಿನ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸಬೇಕು. ಎಲ್ಲ ಹಸುಗಳೂ ಒಟ್ಟಿಗೇ ಕರು ಹಾಕಿದರೆ ಒಮ್ಮೆ ಹಾಲಿನ ಹೊಳೆ, ಇನ್ನೊಮ್ಮೆ ಖಾಲಿ ಪಾತ್ರೆ. ಕರು ಹಾಕುವ ಕಾಲವನ್ನು ವರ್ಷದುದ್ದಕ್ಕೂ ಹಂಚಿ. ಕಾಯಂ ಗ್ರಾಹಕರಿಗೆ ಮಾತು ಕೊಡುವಾಗ ಅತಿ ಕಡಿಮೆ ಹಾಲಿರುವ ತಿಂಗಳನ್ನೇ ಅಳತೆಯಾಗಿಟ್ಟುಕೊಳ್ಳಿ. ಉಳಿದ ತಿಂಗಳ ಹೆಚ್ಚುವರಿ ಹಾಲು ಮೊಸರಿಗೆ, ಬೆಣ್ಣೆಗೆ.

ಕರೆಯುವ ಮೊದಲು ಕೆಚ್ಚಲು ತೊಳೆದು ಒರೆಸಿ. ಪ್ರತಿ ಮೊಲೆಯ ಮೊದಲ ಧಾರೆಗಳನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಗರಣೆ ಕಂಡರೆ ಕೆಚ್ಚಲು ಬಾವು, ಆ ಹಾಲು ಮಾರಾಟಕ್ಕಿಲ್ಲ. ಕರೆದ ಹಾಲನ್ನು ಎರಡು ಗಂಟೆಯೊಳಗೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ. ಹಸಿ ಹಾಲಿನ ಮೂಲಕ ಮನುಷ್ಯರಿಗೂ ಅಂಟುವ ಕ್ಷಯ ಮತ್ತು ಬ್ರುಸೆಲ್ಲಾ ಸೋಂಕಿನ ಪರೀಕ್ಷೆ ಪ್ರತಿ ಹಸುವಿಗೂ ಆಗಿರಲಿ. ಆಗಿದ್ದರೂ ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿಯೇ ಮಾರಿ, ಅಥವಾ ಕುದಿಸಿಯೇ ಕುಡಿಯಿರೆಂದು ಬಾಟಲಿಯ ಮೇಲೆ ಬರೆಯಿರಿ. ಹಸಿ ಹಾಲಿನ ಗುಣಗಾನ ಮಾಡುವವರ ಮಾತಿಗೆ ಮಕ್ಕಳ, ಗರ್ಭಿಣಿಯರ ಆರೋಗ್ಯವನ್ನು ಒಡ್ಡಬಾರದು. ಹಸುವಿಗೆ ಪ್ರತಿಜೀವಕ (ಆಂಟಿಬಯಾಟಿಕ್) ಕೊಡಿಸಿದ್ದರೆ ವೈದ್ಯರು ಹೇಳಿದಷ್ಟು ದಿನ ಅದರ ಹಾಲು ಚೆಲ್ಲಿ.

ಬೆಲೆ ಕಟ್ಟುವುದು

ಪರವಾನಗಿಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಂಡು ಬೆಲೆಗೆ ಕೂರಿ. ಪೇಟೆಯ ದರಕ್ಕೆ ಒಂದಿಷ್ಟು ಸೇರಿಸಿದರೆ ಆಯಿತೆನ್ನುವ ಪದ್ಧತಿ ಇಲ್ಲಿ ನಡೆಯದು. ವರ್ಷದ ಖರ್ಚನ್ನೆಲ್ಲ ಕೂಡಿಸಿ, ನಿಜವಾಗಿ ಮಾರಿದ ಲೀಟರುಗಳಿಂದ ಭಾಗಿಸಿ. ಕರೆದ ಲೀಟರುಗಳಿಂದ ಭಾಗಿಸಬೇಡಿ, ಕರು ಕುಡಿದದ್ದಕ್ಕೂ ಕೆಟ್ಟದ್ದಕ್ಕೂ ಹಣ ಬರುವುದಿಲ್ಲ. ನಿಮ್ಮ ಮನೆಯವರ ದುಡಿಮೆಗೆ ಕೂಲಿ, ಬತ್ತಿದ ಹಸುವಿನ ಮೇವು, ನಾಳೆ ಕರೆಯಬೇಕಾದ ಹೆಣ್ಣುಗರುವಿನ ಸಾಕಣೆ, ಬಾಟಲಿ ತೊಳೆಯುವ ಹೊತ್ತು, ಸಾಗಣೆ ಎಲ್ಲವೂ ಖರ್ಚೇ.

ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಅವುಗಳ ಮತ್ತು ಮುದಿ ಹಸುಗಳ ಗತಿಯನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ಲಿಂಗ ಬೇರ್ಪಡಿಸಿದ ವೀರ್ಯ ಬಳಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣುಗರು ಸಿಗುತ್ತವೆ. ಕೊನೆಯವರೆಗೆ ಸಾಕುವುದೇ ನಿಮ್ಮ ನಿರ್ಧಾರವಾದರೆ ಆ ವೆಚ್ಚವನ್ನೂ ಲೀಟರಿಗೆ ಸೇರಿಸಿ, ಅದನ್ನು ಗ್ರಾಹಕರಿಗೆ ಬಿಡಿಸಿ ಹೇಳಿ.

ತಿಂಗಳ ಹಣ ಮುಂಗಡವಾಗಿ ಪಡೆಯಿರಿ. ಒಂದೇ ದಾರಿಯಲ್ಲಿರುವ ಮನೆಗಳನ್ನು ಮೊದಲು ಹಿಡಿಯಿರಿ. ಹಸಿರು ಮೇವಿನ ಕಾಲದಲ್ಲಿ ಬೀಟಾ ಕ್ಯಾರೊಟಿನ್‌ನಿಂದ ಹಾಲಿನ ಕೆನೆ ಹಳದಿಗೆ ತಿರುಗುತ್ತದೆ, ಒಣ ಮೇವಿನ ಕಾಲದಲ್ಲಿ ಬಿಳಿಚುತ್ತದೆ, ರುಚಿಯೂ ಬದಲಾಗುತ್ತದೆ. ಇದನ್ನು ಮುಂಚೆಯೇ ತಿಳಿಸಿದರೆ ಕಲಬೆರಕೆಯ ಅನುಮಾನ ಹುಟ್ಟುವುದಿಲ್ಲ. ಹಾಲಿಗಾಗಿ ಹೊಸಬರು ಬಂದರೆ ಹೆಸರು ಬರೆದುಕೊಂಡು ಸರದಿಯಲ್ಲಿಡಿ. ಮತ್ತೊಂದು ಹಸು ತರುವ ಯೋಚನೆ ಬಂದಾಗ ಚೌಕಟ್ಟನ್ನು ಬೇಸಿಗೆಯ ಹುಲ್ಲುಗಾವಲಿಗೆ ಒಯ್ದು, ಹುಲ್ಲು ಕೊಯ್ದು ಒಣಗಿಸಿ, ಇನ್ನೊಮ್ಮೆ ತೂಗಿ.