ಆನರ್ ಸೊಸೈಟಿ ಸದಸ್ಯತ್ವ: ಕಾಲೇಜು ಅರ್ಜಿಯಲ್ಲಿ ಅದರ ತೂಕವೆಷ್ಟು?

ಆನರ್ ಸೊಸೈಟಿ ಎಂದರೆ ಓದು, ನಡತೆಗಳಲ್ಲಿ ಮುಂದಿರುವ ವಿದ್ಯಾರ್ಥಿಗಳನ್ನು ಆರಿಸಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಸಂಘ. ಅದರ ತೂಕ ತಿಳಿಯಲು ಮೊದಲು, ಅರ್ಜಿ ಹಾಕುವುದು ಎಲ್ಲಿಗೆ ಎಂದು ನೋಡಿಕೊಳ್ಳಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಿ.ಟೆಕ್ ಸೀಟು ಸಿಗುವುದು ಜೆಇಇ ಮೇನ್ ರ‍್ಯಾಂಕ್ ಮೇಲೆ, ಎಂಬಿಬಿಎಸ್ ನೀಟ್ ಮೇಲೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇಲ್ಲಿ ಯಾವ ಸೊಸೈಟಿಗೂ ಜಾಗವಿಲ್ಲ. ಲೆಕ್ಕಕ್ಕೆ ಬರುವುದು ಎನ್‌ಸಿಸಿ, ಸ್ಕೌಟ್ಸ್-ಗೈಡ್ಸ್, ಕ್ರೀಡೆಯಂಥ ವಿಶೇಷ ವರ್ಗಗಳು. ಅದನ್ನೂ ಅರ್ಜಿ ತುಂಬುವಾಗಲೇ ನಮೂದಿಸಿ, ಮೂಲ ಪ್ರಮಾಣಪತ್ರ ತೋರಿಸಬೇಕು.

ಅಮೆರಿಕದ ಪದವಿ ಕಾಲೇಜುಗಳ ಮಾತು ಬೇರೆ. ಅಲ್ಲಿನ ನ್ಯಾಷನಲ್ ಆನರ್ ಸೊಸೈಟಿ 1921ರಷ್ಟು ಹಳೆಯದು. ಕಲಿಕೆ, ಸೇವೆ, ನಾಯಕತ್ವ, ನಡತೆ ಎಂಬ ನಾಲ್ಕನ್ನು ನೋಡಿ ಶಾಲೆಯ ಶಿಕ್ಷಕರೇ ಸದಸ್ಯರನ್ನು ಆರಿಸುತ್ತಾರೆ. ಶಾಲೆಯಲ್ಲಿ ಅದರ ಘಟಕ ಇಲ್ಲದಿದ್ದರೆ ಮನೆಯಿಂದಲೇ ಸೇರಲು ಬರುವುದಿಲ್ಲ. ಅಲ್ಲಿ ಸಾವಿರಾರು ಶಾಲೆಗಳಲ್ಲಿ ಘಟಕ ಇರುವುದರಿಂದ ಬರೀ ಸದಸ್ಯತ್ವ ಯಾರ ಗಮನವನ್ನೂ ಸೆಳೆಯುವುದಿಲ್ಲ. ಮಂಗಳೂರಿನ ಪಿಯು ಕಾಲೇಜಿನಲ್ಲಿ ಓದುವವರು ಅದಿಲ್ಲವೆಂದು ಕೊರಗಬೇಕಾಗಿಯೂ ಇಲ್ಲ. ಅರ್ಜಿದಾರರನ್ನು ಅವರವರ ಶಾಲೆಯಲ್ಲಿ ಇದ್ದ ಅವಕಾಶಗಳ ಹಿನ್ನೆಲೆಯಲ್ಲೇ ನೋಡುತ್ತಾರೆ. “ನೀವು ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ” ಎಂದು ಯಾವುದೋ ಸೊಸೈಟಿಯ ಹೆಸರಿನಲ್ಲಿ ಇ-ಮೇಲ್ ಬಂದರೆ ಆ ದುಡ್ಡು ಅರ್ಜಿ ಶುಲ್ಕಕ್ಕಿರಲಿ.

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ತುಂಬುವ ಆನ್‌ಲೈನ್ ವ್ಯವಸ್ಥೆ ಕಾಮನ್ ಆ್ಯಪ್. ಅದರಲ್ಲಿ ಚಟುವಟಿಕೆಗೆ 10 ಸಾಲು, ಗೌರವಗಳಿಗೆ (ಓದಿನಲ್ಲಿ ಸಿಕ್ಕ ಪ್ರಶಸ್ತಿ, ಮನ್ನಣೆ) 5. ಗಲ್ಫ್‌ನಲ್ಲಿ ಅಮೆರಿಕನ್ ಪಠ್ಯಕ್ರಮ ಓದಿ ಬಂದು ಸದಸ್ಯತ್ವ ಇದ್ದವರು, ಬರೀ ಹೆಸರಿಗೆ ಸದಸ್ಯರಾಗಿದ್ದರೆ ಗೌರವದಲ್ಲಿ, ಹೊಣೆ ಹೊತ್ತು ಕೆಲಸ ಮಾಡಿದ್ದರೆ ಚಟುವಟಿಕೆಯಲ್ಲಿ ಹಾಕಲಿ. ಎರಡೂ ಕಡೆ ಬರೆದರೆ ಒಂದು ಸಾಲು ದಂಡ. ಉಳಿದವರಿಗೆ ಇಲ್ಲಿಯ ಕೆಲಸವೇ ಸಾಕು: ಎನ್ಎಸ್ಎಸ್, ಪಣಂಬೂರು ಅಥವಾ ಮಲ್ಪೆ ಕಡಲತೀರದ ಸ್ವಚ್ಛತೆ, ಯಕ್ಷಗಾನ ಕಲಿಕೆ, ನೆರೆಮನೆಯ ಮಕ್ಕಳಿಗೆ ಪಾಠ. ಮನೆಯ ಅಂಗಡಿಯಲ್ಲಿ ಸಂಜೆ ಕೂರುವುದು, ಅಜ್ಜಿಯನ್ನು ನೋಡಿಕೊಳ್ಳುವುದೂ ಚಟುವಟಿಕೆಯೇ. ನಮ್ಮವರು ಬಿಟ್ಟುಬಿಡುವುದು ಇದನ್ನೇ.

ಒಂದೊಂದು ಚಟುವಟಿಕೆಯ ವಿವರಣೆಗೆ ಇರುವುದು 150 ಅಕ್ಷರ, ಖಾಲಿ ಜಾಗವೂ ಸೇರಿ, ಇಂಗ್ಲಿಷಿನಲ್ಲಿ. “ಸಮಾಜಸೇವೆಯಲ್ಲಿ ಆಸಕ್ತಿ” ಎಂದರೆ ಏನೂ ಹೇಳಿದಂತಾಗಲಿಲ್ಲ. “8ನೇ ತರಗತಿಯ 12 ಮಕ್ಕಳಿಗೆ ಭಾನುವಾರ ಗಣಿತ, ಅಭ್ಯಾಸ ಹಾಳೆ ಕನ್ನಡದಲ್ಲಿ ತಯಾರಿಸಿದೆ” ಎಂದರೆ ಓದುವವರಿಗೆ ಚಿತ್ರ ಸಿಗುತ್ತದೆ. ಎನ್ಎಸ್ಎಸ್ ಎಂಬ ಮೂರಕ್ಷರ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಪೂರ್ಣ ಹೆಸರು ಬರೆಯಿರಿ.

ಹೆಚ್ಚಿನವರು ಎಡವುವುದು ಗಂಟೆಯ ಲೆಕ್ಕದಲ್ಲಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಬೇರೆ ಬೇರೆ ಕೇಳುತ್ತಾರೆ. ವಾರಕ್ಕೆ 3 ಗಂಟೆಯಂತೆ 30 ವಾರವಾದರೆ ವರ್ಷಕ್ಕೆ 90 ಗಂಟೆ. ಎನ್ಎಸ್ಎಸ್‌ನ ವರ್ಷದ 120 ಗಂಟೆಯನ್ನು 40 ವಾರಕ್ಕೆ ಹಂಚಿದರೂ ವಾರಕ್ಕೆ 3 ಗಂಟೆಯೇ. ಎಂಟು ಚಟುವಟಿಕೆಗೆ ತಲಾ 10 ಗಂಟೆ ಬರೆದರೆ ವಾರಕ್ಕೆ 80 ಗಂಟೆಯಾಯಿತು. ಕಾಲೇಜು, ಕೋಚಿಂಗ್ ಮುಗಿಸಿದವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಆ ಒಂದು ಅನುಮಾನ ಸಾಕು, ನಿಜವಾದ ಸಾಲುಗಳನ್ನೂ ಯಾರೂ ನಂಬುವುದಿಲ್ಲ. ಪ್ರಥಮ ಪಿಯುಸಿಯಿಂದಲೇ ದಿನಾಂಕ, ಗಂಟೆ, ಮಾಡಿದ ಕೆಲಸವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಶಿಫಾರಸು ಪತ್ರ ಬರೆಯುವ ಉಪನ್ಯಾಸಕರಿಗೆ ಈ ಪುಸ್ತಕದ ಎರಡು ಪುಟ ಜೆರಾಕ್ಸ್ ಕೊಡಿ. ನಮ್ಮ ಪಿಯು ಕಾಲೇಜುಗಳಲ್ಲಿ ಇದಕ್ಕೆಂದೇ ಕೌನ್ಸೆಲರ್ ಇರುವುದು ಅಪರೂಪ, ಅರ್ಜಿಯಲ್ಲಿ ಕೌನ್ಸೆಲರ್ ತುಂಬಬೇಕಾದ ಭಾಗ ಹೆಚ್ಚಾಗಿ ಪ್ರಾಂಶುಪಾಲರ ಮೇಲೆ ಬೀಳುತ್ತದೆ. ಅರ್ಲಿ ಅರ್ಜಿಯ, ಅಂದರೆ ಮಾಮೂಲಿ ಸುತ್ತಿಗಿಂತ ಮುಂಚೆ ಹಾಕುವ ಅರ್ಜಿಯ, ಗಡುವು ಹೆಚ್ಚಿನ ಕಡೆ ನವೆಂಬರ್ 1. ನಡುವೆ ದಸರಾ ರಜೆ ಬರುವುದರಿಂದ ಅವರನ್ನು ಆಗಸ್ಟ್‌ನಲ್ಲೇ ಕೇಳಿ.